ಹನ್ನೊಂದನೇ ಬೆರಳು

ಡಯಾಲಿಸಿಸ್ ಯಂತ್ರ ದಾನಮ್ಮನ ಹೆಬ್ಬೆರಳನ್ನು ಒಲ್ಲೆ ಎಂದಿತು. ಬೆರಳು ಒದ್ದೆಯಿರಬೇಕೆಂದು ಏಪ್ರನ್ನಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಯಂತ್ರದ ಮಗ್ಗುಲಿಗೆ ಬಿಗಿದಿದ್ದ ಕರಿ ಡಬ್ಬಿಯ ಮೇಲೆ ಕೆಂಪು ದೀಪ ಹತ್ತಿತು. "ನಿರ್ವಾಹಕಿ ಅನರ್ಹಳು. ಕಾರಣ: ವೃತ್ತಿದೋಷದಿಂದ ಮಗುವಿನ ಮರಣ," ಎಂದು ಡಬ್ಬಿಯೊಳಗಿನ ಹೆಣ್ಣುದನಿ ಹೇಳಿತು. ಮಂಚಗಳ ಮೇಲೆ ತೋಳು ಚಾಚಿ ಮಲಗಿದ್ದ ರೋಗಿಗಳಿಗೂ, ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರಿಗೂ ಕೇಳಿಸಲೇಬೇಕು ಎಂಬಂತೆ ಹೇಳಿತು.

"ಯಾವ ಕೂಸು? ಯಾರ ಕೂಸು?" ದಾನಮ್ಮ ಡಬ್ಬಿಯನ್ನೇ ಕೇಳಿದಳು. ಇಪ್ಪತ್ತೆರಡು ವರ್ಷದಿಂದ ಆಕೆ ಹಿರೇಬೆಣ್ಣೂರಿನ ತಾಲೂಕಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. ಮಕ್ಕಳ ವಾರ್ಡಿಗೆ ಕಾಲಿಟ್ಟದ್ದು ತನ್ನ ಮಗಳಿಗೆ ಲಸಿಕೆ ಹಾಕಿಸಲು ಮಾತ್ರ.

ಮೊದಲ ಮಂಚದಲ್ಲಿದ್ದವರು ರೇವಣಸಿದ್ಧಪ್ಪ ಮಾಸ್ತರರು. ಊರಿನ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ದಾನಮ್ಮನಿಗೆ ಅಕ್ಷರ ಕಲಿಸಿದವರು. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಅದೇ ಹುಡುಗಿಯ ಎದುರು ತೋಳು ಚಾಚುತ್ತಿದ್ದರು. "ಅದೇನ್ ಒದರ್ತೈತಿ ಒದರ್ಲಿ ಬಿಡವ್ವ. ನೀ ಸೂಜಿ ಚುಚ್ಚು," ಎಂದರು.

"ಚುಚ್ಚಿದ್ರ ಏನಾತ್ರಿ ಸರ, ಮಷಿನ್ ಚಾಲೂ ಆಗ್ಬೇಕಲ್ಲ."

ಮಷಿನ್ ಚಾಲೂ ಆಗಲಿಲ್ಲ. ಸಂಜೆಯವರೆಗೆ ಕಾದು ರೋಗಿಗಳು ತಮ್ಮ ತಮ್ಮ ರಕ್ತದ ವಿಷವನ್ನು ಹೊತ್ತುಕೊಂಡು ಮನೆಗೆ ಹೋದರು.

ಈ ಡಬ್ಬಿಯ ಕಥೆಯನ್ನು ಹೇಳಬೇಕು. ವೃತ್ತಿದರ್ಪಣ ಎಂಬುದು ಶುರುವಾದದ್ದು ಒಳ್ಳೆಯ ಕಾರಣಕ್ಕೇ. ನಕಲಿ ಡಾಕ್ಟರುಗಳು, ಲೈಸೆನ್ಸಿಲ್ಲದ ಚಾಲಕರು, ಪದವಿಯನ್ನು ಕೊಂಡು ತಂದ ಇಂಜಿನಿಯರುಗಳು ಜನರ ಜೀವ ತಿಂದು ಸಾಕಾಗಿತ್ತು. ದುಡಿಯುವ ಪ್ರತಿಯೊಬ್ಬರ ವೃತ್ತಿಯ ದಾಖಲೆ ಒಂದೇ ಕಡೆ ಇರಬೇಕು, ಎಲ್ಲರಿಗೂ ತೆರೆದಿರಬೇಕು ಎಂದು ಕಾನೂನಾಯಿತು. ಜನ ಅದನ್ನು ಕನ್ನಡಿ ಎಂದು ಕರೆದರು. ಹೆಸರು ಹೇಳಿದರೆ ಸಾಕು, ರವಿಕೆ ಹೊಲಿಯುವವಳಿಂದ ಹಿಡಿದು ಹೃದಯ ಕೊಯ್ಯುವವನವರೆಗೆ ಯಾರು ಎಲ್ಲಿ ಕಲಿತರು, ಎಲ್ಲಿ ದುಡಿದರು, ಎಲ್ಲಿ ತಪ್ಪಿದರು ಎಂಬುದೆಲ್ಲ ಕಣ್ಣೆದುರು. ಹೆಣ್ಣು ಕೊಡುವವರೂ ಜಾತಕ ಬಿಟ್ಟು ಕನ್ನಡಿ ನೋಡತೊಡಗಿದರು. ಆಮೇಲೆ ಜೀವದ ಜೊತೆ ವ್ಯವಹರಿಸುವ ಯಂತ್ರಗಳಿಗೆಲ್ಲ, ಆಂಬುಲೆನ್ಸಿಗೆ, ಕ್ರೇನಿಗೆ, ಡಯಾಲಿಸಿಸ್ಸಿಗೆ, ಒಂದೊಂದು ಕರಿ ಡಬ್ಬಿ ಬಿಗಿದರು. ದುಡಿಯುವವರು ಬೆರಳೊತ್ತಬೇಕು, ಡಬ್ಬಿ ಕನ್ನಡಿಯನ್ನು ಕೇಳಬೇಕು, ಕನ್ನಡಿ ಹೂಂ ಎಂದರೆ ಕರೆಂಟು ಬರಬೇಕು. ಇದು ಬಂದ ಮೇಲೆ ನಕಲಿ ಡಾಕ್ಟರುಗಳು ಕಡಿಮೆಯಾದದ್ದೂ ನಿಜ. ಅದನ್ನು ದಾನಮ್ಮನೇ ಎಷ್ಟೋ ಸಲ ಮೆಚ್ಚಿ ಮಾತಾಡಿದ್ದಳು.

ಮನೆಗೆ ಬಂದವಳೇ ಆಕೆ ಮೊಬೈಲು ತೆಗೆದು ಕನ್ನಡಿಯಲ್ಲಿ ತನ್ನ ಹೆಸರು ಹಾಕಿದಳು. ಮೊದಲೆಲ್ಲ ದಾನಮ್ಮ ಬಿರಾದಾರ ಎಂದರೆ ಒಂದು ಉದ್ದನೆಯ ಸಾಲು ಹೆಂಗಸರು ಬರುತ್ತಿದ್ದರು. ಈ ಸೀಮೆಯಲ್ಲಿ ಅದರಲ್ಲಿ ವಿಶೇಷವೇನಿಲ್ಲ. ಹೆಣ್ಣು ಹುಟ್ಟಿದರೆ ಗುಡ್ಡಾಪುರದ ದಾನಮ್ಮ ದೇವಿಯ ಹೆಸರಿಡುತ್ತೇವೆಂದು ಹರಕೆ ಹೊತ್ತವರು ಊರೂರಿಗೂ ಇದ್ದಾರೆ, ಬಿರಾದಾರರಂತೂ ಹೆಜ್ಜೆಗೊಬ್ಬರು. ಆದರೆ ಆವತ್ತು ಆ ಹೆಸರಿನಲ್ಲಿ ಬಂದವಳು ಒಬ್ಬಳೇ. ಭಾವಚಿತ್ರ ದಾನಮ್ಮನದು. ಕೆಳಗೆ ಬರೆದದ್ದು ಮಾತ್ರ ಆಕೆ ಕಂಡು ಕೇಳರಿಯದ ಬಾಳು. ಈ ಹೆಂಗಸು ಡಯಾಲಿಸಿಸ್ ಟೆಕ್ನಿಷಿಯನ್ ಅಂತೆ, ಬಸ್ ಕಂಡಕ್ಟರ್ ಅಂತೆ, ಅಂಗನವಾಡಿ ಕಾರ್ಯಕರ್ತೆ, ಔಷಧ ಅಂಗಡಿಯ ಫಾರ್ಮಸಿಸ್ಟ್, ಭೂಮಾಪಕಿ, ಬ್ಯೂಟಿ ಪಾರ್ಲರಿನವಳು. ಕಲಬುರಗಿಯ ಒಂದು ಖಾಸಗಿ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ತಪ್ಪು ಇಂಜೆಕ್ಷನ್ ಕೊಟ್ಟು ಕೂಸೊಂದನ್ನು ಕೊಂದವಳು. ಕೊನೆಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು: "ನಕಲು ದಾಖಲೆಗಳನ್ನು ಒಂದುಗೂಡಿಸಲಾಗಿದೆ. ಏಕಕಾಲಕ್ಕೆ ಹಲವು ಕಡೆ ಸಂಬಳ ಪಡೆದ ಬಗ್ಗೆ ತನಿಖೆಗೆ ಶಿಫಾರಸು ಮಾಡಲಾಗಿದೆ."

ಓದಿ ದಾನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಇಪ್ಪತ್ತೆರಡು ವರ್ಷವನ್ನು ಯಾರೋ ಒಂದು ಮೂಟೆಯೊಳಗೆ ತುರುಕಿ, ಮೇಲೊಂದು ಹೆಣ ಇಟ್ಟು ಕಟ್ಟಿದ್ದರು.

ಗಂಡ ಸಂಗಪ್ಪನದು ಹಿಟ್ಟಿನ ಗಿರಣಿ. ಮರುದಿನ ಬೆಳಿಗ್ಗೆ ಗಿರಣಿಯ ಮುಂದೆ ಜೋಳದ ಡಬ್ಬಿಗಳ ಸಾಲೇ ಇರಲಿಲ್ಲ. ಓಣಿಯ ಹೆಂಗಸರು ತಲೆಯ ಮೇಲೆ ಜೋಳ ಹೊತ್ತುಕೊಂಡು ಎದುರಿನಿಂದಲೇ ಬಸ್‌ಸ್ಟ್ಯಾಂಡಿನ ಗಿರಣಿಗೆ ಹೋದರು. ಕಣ್ಣಾರೆ ಕಂಡ ಹೆಂಗಸಿಗಿಂತ ಮೊಬೈಲಿನಲ್ಲಿ ಓದಿದ ಸಾಲು ಅವರಿಗೆ ಹೆಚ್ಚಾಗಿತ್ತು. ಮಗ್ಗುಲ ಮನೆಯ ಈರಮ್ಮ ಮಾತ್ರ ಕಟ್ಟೆಯ ಹತ್ತಿರ ನಿಂತು ಕೇಳಿಯೇಬಿಟ್ಟಳು.

"ಅಲ್ಲವ್ವ, ನೀ ಮಾಡಿಲ್ಲಂದ್ರ ಕನ್ನಡಿ ಯಾಕ ಸುಳ್ಳು ಹೇಳ್ತೈತಿ? ಅದಕ್ಕೇನ್ ನಿನ್ನ ಮ್ಯಾಲ ಹಗಿ ಐತೇನು?"

"ನಿಮ್ಮಾವನ ಎರಡೂ ಕಿಡ್ನಿ ಹೋದಾಗ ಮೂರು ವರ್ಷ ರಗತಾ ತೊಳದಾಕಿ ನಾ," ಎಂದಳು ದಾನಮ್ಮ. "ಆಗ ಕನ್ನಡಿ ಕೇಳಿ ಕರಕೊಂಡ ಬಂದಿದ್ದಿ ಏನು?"

ಈರಮ್ಮ ಮುಖ ಗಂಟುಹಾಕಿಕೊಂಡು ಒಳಗೆ ಹೋದಳು. ಸಂಗಪ್ಪ ಸಮಾಧಾನದ ಮನುಷ್ಯ. "ಸಿಟ್ಟಾಗಬ್ಯಾಡ. ನಾಕ ದಿನಕ್ಕ ತಾನ ಸರಿಹೋಗ್ತೈತಿ," ಎಂದ.

"ತಾನ ಸರಿಹೋಗಾಕ ಅದೇನ್ ನೆಗಡಿ ಐತೇನು?" ಎಂದು ದಾನಮ್ಮ ಗಂಡನ ಮೇಲೂ ಹರಿಹಾಯ್ದಳು. ಆಸ್ಪತ್ರೆಯ ಡಾಕ್ಟರು ಬದಲಿ ಟೆಕ್ನಿಷಿಯನ್ನಿಗಾಗಿ ಮೇಲಕ್ಕೆ ಬರೆದು ಕೈತೊಳೆದುಕೊಂಡಿದ್ದರು. ರೋಗಿಗಳನ್ನು ವಿಜಯಪುರಕ್ಕೆ ಹೋಗಿ ಎಂದಿದ್ದರು. ಅಲ್ಲಿ ಹೊರಗಿನವರಿಗೆ ವಾರಕ್ಕೆ ಒಂದೇ ಸರದಿ. ವಾರಕ್ಕೆ ಮೂರು ಸಲ ಬೇಕಾದವರು ಒಂದರಲ್ಲಿ ಎಷ್ಟು ದಿನ ತಡೆದಾರು ಎಂಬುದು ದಾನಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆಕೆಗೆ ಊಟ ಸೇರುತ್ತಿರಲಿಲ್ಲ.

ವಿಜಯಪುರದಲ್ಲಿ ಕನ್ನಡಿಯ ಕಂಟ್ರೋಲ್ ರೂಮು ಹಳೆಯ ಟೆಲಿಫೋನ್ ಕಟ್ಟಡದ ಮೇಲಂತಸ್ತಿನಲ್ಲಿತ್ತು. ತಣ್ಣನೆಯ ಕೋಣೆ, ಗೋಡೆಯ ತುಂಬ ಒಂದು ಪರದೆ. ಪರದೆಯ ಮೇಲೆ ಸಾವಿರಾರು ಹಸಿರು ಚುಕ್ಕೆಗಳು. ಆಗಾಗ ಎರಡು ಚುಕ್ಕೆ ಹತ್ತಿರ ಬಂದು ಒಂದಾಗುತ್ತಿದ್ದವು, ಆಗ ಕಿಣ್ ಎಂದು ಸಣ್ಣ ಗಂಟೆಯಾಗುತ್ತಿತ್ತು. ಪ್ರತಿ ಕಿಣ್‌ಗೂ ಒಬ್ಬ ಮನುಷ್ಯ ಈ ಲೋಕದಿಂದ ಕಡಿಮೆಯಾಗುತ್ತಿದ್ದ. ಅದನ್ನು ಕೇಳಿಕೊಂಡು ಸಿಬ್ಬಂದಿ ಆರಾಮಾಗಿ ಚಹಾ ಕುಡಿಯುತ್ತಿದ್ದರು.

ದಾಖಲೆ ಒಂದುಗೂಡಿಸುವ ವಿಭಾಗದ ಮುಖ್ಯಸ್ಥ ವಿಶ್ವನಾಥ ಇಂಗಳಗಿ ಐವತ್ತರ ಆಸುಪಾಸಿನವನು, ಮಾತು ಮೆತ್ತಗೆ. "ಕುಂದರ್ರಿ ತಾಯಿ," ಎಂದು ಕುರ್ಚಿ ತೋರಿಸಿದ. "ಬರೇ ಹೆಸರು ಕೂಡಿದ್ರ ಯಂತ್ರ ಕೂಡಸೂದಿಲ್ಲ. ಅಡ್ಡಹೆಸರು ಕೂಡಿದ್ರೂ ಕೂಡಸೂದಿಲ್ಲ. ಹೆಸರು, ಅಡ್ಡಹೆಸರು, ಜಿಲ್ಲಾ, ಹುಟ್ಟಿದ ತಾರೀಖು, ನಾಕೂ ಕೂಡಬೇಕು. ಇಸವಿ ಒಂದೆರಡು ವರ್ಷ ಆಚೀಚಿ ಆದ್ರ ಬರಿಯೂ ಮುಂದ ತಪ್ಪ್ಯಾರ ಅಂತ ಮಾಫಿ ಮಾಡ್ತೈತಿ. ತಾರೀಖು ಮಾತ್ರ ಪಕ್ಕಾ ಕೂಡಬೇಕು. ಮುನ್ನೂರ ಅರವತ್ತೈದು ದಿನದಾಗ ಅಷ್ಟೂ ಕೂಡಿದವರು ಇಬ್ರು ಇರೂದು ಎಷ್ಟ್ ಅಪರೂಪ, ನೀವ ಹೇಳ್ರಿ."

"ನಂದ್ಯಾವ ತಾರೀಖೈತ್ರಿ ಅದರಾಗ?"

"ಜೂನ್ ಒಂದು."

"ನಿಮ್ದು?"

ಇಂಗಳಗಿ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ನಂದ್ಯಾಕ ಬೇಕ್ರಿ ಈಗ?"

"ನಿಮ್ಮ ಶಾಲಿ ಸರ್ಟಿಫಿಕೇಟಿನ್ಯಾಗ ಇದ್ದದ್ದು ಕೇಳಿದ್ನಿ ಸರ."

"ಜೂನ್ ಒಂದು," ಎಂದ ಇಂಗಳಗಿ.

ಇದು ಬೇರೆ ಕಡೆಯ ಓದುಗರಿಗೆ ವಿಚಿತ್ರ ಅನಿಸೀತು. ಶಾಲೆ ಶುರುವಾಗುವುದು ಜೂನ್ ತಿಂಗಳಲ್ಲಿ. ಆ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಿರಬೇಕು. ಹಳ್ಳಿಯಲ್ಲಿ ಹೆತ್ತವರು ತಾರೀಖು ಬರೆದಿಟ್ಟವರಲ್ಲ. ಹೆಡ್‌ಮಾಸ್ತರರು ಮಗುವನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಒಂದು ಇಸವಿ ಹಿಡಿದು, ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಹೀಗಾಗಿ ಈ ಸೀಮೆಯ ಅರ್ಧಕ್ಕರ್ಧ ಜನ, ರೈತರು, ಪೊಲೀಸರು, ಎಮ್ಮೆಲ್ಲೆಗಳು, ಕಾಗದದ ಮೇಲೆ ಜೂನ್ ಒಂದರಂದೇ ಹುಟ್ಟಿದವರು. ಕನ್ನಡಿಯ ಲೆಕ್ಕ ಮಾಡಿದವರಿಗೆ ಮಾತ್ರ ವರ್ಷದ ಎಲ್ಲ ದಿನಗಳೂ ಒಂದೇ.

"ಅಂದ್ರ ನಿಮಗ ಗೊತ್ತೈತಿ," ಎಂದಳು ದಾನಮ್ಮ.

"ನಂಗಷ್ಟ ಅಲ್ರಿ. ಈ ಕ್ವಾಣ್ಯಾಗ ಇದ್ದವರಿಗೆಲ್ಲ ಗೊತ್ತೈತಿ. ನಮ್ಮವ್ವ ನಾ ದೀಪಾವಳಿ ಪಾಡ್ಯಕ್ಕ ಹುಟ್ಟೀನಿ ಅಂತಾಳ. ಆದ್ರ ಜೂನ್ ಒಂದು ನಂಬಬ್ಯಾಡ್ರಿ ಅಂತ ನಾ ಬರದ್ರ, ಕೂಡಿಸಿದ ಲಕ್ಷಗಟ್ಟಲೆ ದಾಖಲೆ ಬಿಚ್ಚಬೇಕಾಗ್ತೈತಿ. ನಕಲು ತಗದು ಜನಸಂಖ್ಯಾ ಸರಿ ಮಾಡೀವಿ ಅಂತ ಮ್ಯಾಲಿನವರು ಹಾರ ಹಾಕಿಸಿಕೊಂಡು ಕುಂತಾರ. ನೀವು ಅರ್ಜಿ ಕೊಡ್ರಿ, ಆರು ತಿಂಗಳಿಗೆ ವಿಚಾರಣಾ ಬರ್ತೈತಿ."

ಗೊತ್ತಿಲ್ಲದೆ ಮಾಡಿದ್ದರೆ ದಾನಮ್ಮ ಅತ್ತುಕೊಂಡು ಬರುತ್ತಿದ್ದಳೇನೋ. ಗೊತ್ತಿದ್ದೂ ಚಹಾ ಕುಡಿಯುತ್ತ ಕೂತಿದ್ದಾರೆ ಎಂದಾಗ ಸಿಟ್ಟು ನೆತ್ತಿಗೇರಿತು. "ಆರು ತಿಂಗಳಿಗೆ ನನ್ನ ಪೇಷಂಟ್‌ಗಳು ಮಣ್ಣಾಗಿರ್ತಾರ," ಎಂದು ಮೇಜು ಕುಟ್ಟಿದಳು. ಮೇಜಿನ ಮೇಲಿನ ಸಣ್ಣ ಪರದೆ ಅಲುಗಾಡಿ ಆಕೆಯ ಕಡೆ ತಿರುಗಿತು. ಅದರಲ್ಲಿ ಆಕೆಯದೆಂಬ ದಾಖಲೆಯ ಬುಡದಲ್ಲಿ, ನೋಂದಾದ ಬೆರಳುಗಳು ಒಂಬತ್ತು ಎಂದಿತ್ತು.

"ಇದೇನಿದು? ನಾ ಒತ್ತೂದು ಬಲಗೈ ಹೆಬ್ಬಟ್ಟು ಒಂದ."

ಇಂಗಳಗಿ ದನಿ ತಗ್ಗಿಸಿದ. ದುಡಿಯುವವರ ಬೆರಳು ಸವೆಯುತ್ತದೆ, ಸುಡುತ್ತದೆ. ಆದ್ದರಿಂದ ಯಾವ ಬೆರಳನ್ನಾದರೂ ಒತ್ತಬಹುದು ಎಂದು ನಿಯಮ. ಹೆಸರು ತಾರೀಖು ಕೂಡಿ, ಬೆರಳು ಮಾತ್ರ ಬೇರೆಯಿದ್ದರೆ ಯಂತ್ರ ಅದನ್ನು ಅದೇ ಮನುಷ್ಯನ ಇನ್ನೊಂದು ಬೆರಳೆಂದು ಬರೆದುಕೊಳ್ಳುತ್ತದೆ.

"ಅಂದ್ರ ಒಂಬತ್ತು ಮಂದಿ ಹೆಂಗಸರ ಹೆಬ್ಬಟ್ಟು ಸೇರಿ ನನ್ನ ಎರಡು ಕೈ ಆಗ್ಯಾವು!"

"ಹಂಗ ಅನ್ನಬಹುದು."

"ಹತ್ತರ ಮ್ಯಾಲೆ ಹೋದ್ರ?"

ಇಂಗಳಗಿ ಬಾಗಿಲ ಕಡೆ ನೋಡಿದ. "ಮನಶ್ಯಾಗ ಹತ್ತ ಬೆರಳಲ್ರಿ. ಹನ್ನೊಂದನೇದು ಬಂದ್ರ ಆ ದಾಖಲೆ ನಿಲ್ಲೂದಿಲ್ಲ, ತಾನಾಗೇ ಬಿಚ್ಚಿಕೊಳ್ತೈತಿ. ಬಿಚ್ಚಿದಾಗ ಎಲ್ಲಾರೂ ಇಲ್ಲೇ ಇದ್ದು ತಮ್ಮ ತಮ್ಮದು ಗುರುತು ಹಿಡೀಬೇಕು. ಇಲ್ಲಂದ್ರ ಸಂಜಿಗೆ ಮತ್ತ ಕೂಡಿಬಿಡ್ತೈತಿ." ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, "ನಾ ಏನೂ ಹೇಳಿಲ್ಲ ಮತ್ತ," ಎಂದ.

ತನ್ನನ್ನೂ ಸೇರಿಸಿ ಒಂದೇ ಹೆಸರಿನ ಹನ್ನೊಂದು ಹೆಂಗಸರನ್ನು ಕಲೆಹಾಕಬೇಕು. ಅವರನ್ನು ಹುಡುಕಿಕೊಡಬೇಕಾದ ಕನ್ನಡಿಯೇ ಅವರೆಲ್ಲರನ್ನೂ ನುಂಗಿ ಕೂತಿತ್ತು. ದಾನಮ್ಮ ಇದನ್ನು ಹೇಳಿಕೊಳ್ಳಲು ರೇವಣಸಿದ್ಧಪ್ಪ ಮಾಸ್ತರರ ಮನೆಗೆ ಹೋದಾಗ ಅವರು ಊದಿದ ಕಾಲುಗಳನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಉಸಿರು ಮೇಲೆ ಮೇಲೆ ಬರುತ್ತಿತ್ತು. ಜೂನ್ ಒಂದರ ಮಾತು ಕೇಳಿ ಅವರು ರೇಗಿದರು.

"ಹೌದವ್ವ, ನಾನ ಬರದೀನಿ. ಮತ್ತೇನ್ ಬರೀಲಿ? ನಿಮ್ಮವ್ವ ನಿನ್ನ ಕರಕೊಂಡ ಬಂದಾಗ ಯಾವಾಗ ಹುಟ್ಟ್ಯಾಳ ಅಂತ ಕೇಳಿದ್ನಿ. ಬಿಳಿಜ್ವಾಳ ಕೊಯ್ಯೂ ಮುಂದ, ಎಮ್ಮಿ ಈದ ಮರುದಿನ ಅಂದ್ಲು. ಎಮ್ಮಿ ಈದದ್ದು ಬರಿಯಾಕ ಸರಕಾರ ಕಾಲಂ ಕೊಟ್ಟಿತ್ತೇನು? ಜೂನ್ ಒಂದು ಅಂತ ಬರೀದಿದ್ರ ಒಂದು ವರ್ಷ ಮನ್ಯಾಗ ಕುಂದರ್ತಿದ್ದಿ, ಮುಂದಿನ ವರ್ಷ ನಿಮ್ಮಪ್ಪ ಕಳಸ್ತಿದ್ದಿಲ್ಲ. ಆ ತಾರೀಖು ಇದ್ದದ್ದಕ್ಕ ನೀ ಸಾಲಿಗೆ ಬಂದಿ." ಮಾತಿನ ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. "ಫೋನ್ ತಾ ಇಲ್ಲಿ."

ಜಿಲ್ಲೆಯ ಹಳೆಯ ಹೆಡ್‌ಮಾಸ್ತರರೆಲ್ಲ ಅವರಿಗೆ ಪರಿಚಯ. ಹಾಸಿಗೆಯ ಮೇಲೆ ಕೂತೇ ಒಬ್ಬೊಬ್ಬರಿಗೂ ಫೋನು ಹಚ್ಚಿದರು. "ಏ ಗುರಪ್ಪ ಮಾಸ್ತರ, ನಿಮ್ಮ ಸಾಲ್ಯಾಗ ದಾನಮ್ಮ ಬಿರಾದಾರ ಅಂತ ಹುಡುಗಿ ಇದ್ಲೇನು? ಎಲ್ಲಿಗೆ ಕೊಟ್ಟಾರ? ಏನ್ ನೌಕರಿ ಮಾಡ್ತಾಳ?" ಮುದುಕರಿಗೆ ಮಕ್ಕಳ ಹೆಸರು ಮರೆತಿರಲಿಲ್ಲ. ವಾರ ಕಳೆಯುವುದರೊಳಗೆ ಒಬ್ಬೊಬ್ಬರಾಗಿ ಸಿಕ್ಕರು. ಎಲ್ಲರೂ ಒಂದೊಂದು ಕಡೆ ಸಿಕ್ಕಿಬಿದ್ದವರೇ. ಕಂಡಕ್ಟರ್ ದಾನಮ್ಮನ ಟಿಕೆಟ್ ಮಷಿನ್ ಕೆಂಪಾಗಿತ್ತು, ಅಂಗನವಾಡಿಯವಳಿಗೆ ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ಬಿಟ್ಟಿದ್ದರು. ವಿದ್ಯುತ್ ಕಂಬ ಹತ್ತುವ ಒಬ್ಬಳು ಮತ್ತು ಹೊಸದಾಗಿ ಹೊಲಿಗೆ ಕಲಿಸುವ ಕೆಲಸಕ್ಕೆ ಸೇರಿದ ಒಬ್ಬಳು ಇನ್ನೂ ಕನ್ನಡಿಗೆ ಬೆರಳು ಒತ್ತಿರಲಿಲ್ಲ. ಮೊದಲಿನ ಒಂಬತ್ತಕ್ಕೆ ಇವರಿಬ್ಬರು ಸೇರಿದರೆ ಹನ್ನೊಂದು.

ಅವರಲ್ಲಿ ಕಾಣಬೇಕಾಗಿ ಉಳಿದವಳು ಒಬ್ಬಳೇ, ಕೂಸು ಕೊಂದವಳು. ಆಕೆ ನೌಕರಿ ಹೋಗಿ ತವರೂರು ಅಂಕಲಗಿಗೆ ಬಂದಿದ್ದಾಳೆಂದು ತಿಳಿಯಿತು. ದಾನಮ್ಮ ಒಬ್ಬಳೇ ಹೋದಳು. ಬಸ್ಸಿನುದ್ದಕ್ಕೂ ಬೈಗುಳ ಜೋಡಿಸಿಕೊಂಡಳು. ನನ್ನ ಮನೆ, ನನ್ನ ಹೆಸರು, ಮಾಸ್ತರರ ಜೀವ, ಎಲ್ಲ ಇವಳಿಂದ. ಕಂಡೊಡನೆ ಕೆನ್ನೆಗೆ ಬಾರಿಸಬೇಕೆಂದೇ ಇತ್ತು.

ಅಂಕಲಗಿ ದಾನಮ್ಮ ಒಲೆಯ ಮುಂದೆ ಕೂತು ಖಾನಾವಳಿಗೆ ಕೊಡುವ ರೊಟ್ಟಿ ಬಡಿಯುತ್ತಿದ್ದಳು. ಬಡಕಲು ಹೆಂಗಸು.

"ನೀನ ಏನು ಕೂಸು ಕೊಂದಾಕಿ?" ಎಂದಳು ದಾನಮ್ಮ ಬಾಗಿಲಲ್ಲೇ ನಿಂತು.

"ಹೌದು. ನಾನ." ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಒಳಗ ಬಾ."

ದಾನಮ್ಮನಿಗೆ ಜೋಡಿಸಿಕೊಂಡ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಅಂಕಲಗಿ ದಾನಮ್ಮ ತಾನಾಗಿಯೇ ಹೇಳಿದಳು. "ಮೂವತ್ತು ಕೂಸು, ವಾರ್ಡಿಗೆಲ್ಲ ನಾ ಒಬ್ಬಾಕಿ. ಎರಡೂ ಔಷಧದ ಬಾಟಲಿ ಒಂದ ನಮೂನಿ, ಒಂದ ಟ್ರೇದಾಗ ಇಡ್ತಿದ್ರು. ಬ್ಯಾರೆ ಬ್ಯಾರೆ ತರಿಸ್ರಿ ಅಂತ ಮಾಲಕಗ ಎಷ್ಟೋ ಸಲ ಹೇಳೀನಿ. ಹೇಳಿದ್ದು ಯಾವ ಕನ್ನಡ್ಯಾಗೂ ಇಲ್ಲ. ಆದ್ರ ಸೂಜಿ ಹಿಡಿದದ್ದು ಈ ಕೈಯ. ಅದನ್ನ ನಾ ಇಲ್ಲ ಅನ್ನೂದಿಲ್ಲ."

"ದಾಖಲೆ ಬಿಚ್ಚಾಕ ನೀ ಬರಬೇಕು," ಎಂದಳು ದಾನಮ್ಮ. "ಬಿಚ್ಚಿದ್ರ ಅದು ನಿನ್ನ ಒಬ್ಬಾಕಿ ಮ್ಯಾಲ ಬೀಳ್ತೈತಿ. ಸುಳ್ಳ ಹೇಳಿ ಕರಕೊಂಡ ಹೋಗೂದಿಲ್ಲ ನಾ."

"ಬೀಳಬೇಕಾದ್ದ. ಈಗ ಒಂಬತ್ತು ಮಂದಿ ಮ್ಯಾಲ ಹಂಚ್ಯಾರಲ್ಲ, ನಂಗೇನ್ ನಿದ್ದಿ ಬಂದೈತೇನು?" ರೊಟ್ಟಿ ಉಬ್ಬಿತು. ಆಕೆ ಅದನ್ನು ತೆಗೆದು ದಾನಮ್ಮನ ಕೈಗೆ ಕೊಟ್ಟು, ಮೇಲೆ ಶೇಂಗಾ ಚಟ್ನಿಪುಡಿ ಹಾಕಿದಳು. "ತಿನ್ನು. ಹಸದ ಬಂದಿ ಅನಸ್ತೈತಿ." ದಾನಮ್ಮ ಅಲ್ಲೇ ನೆಲದ ಮೇಲೆ ಕೂತು ತಿಂದಳು. ಎಷ್ಟೋ ದಿನದ ಮೇಲೆ ಊಟ ಸೇರಿತು.

ಸೋಮವಾರ ಕಂಟ್ರೋಲ್ ರೂಮಿನ ಮೆಟ್ಟಿಲ ಮೇಲೆ ದಾನಮ್ಮಂದಿರು ಸಾಲುಗಟ್ಟಿದರು. ಹೆಸರು ಬರೆದುಕೊಳ್ಳುವ ಸಿಪಾಯಿ ಮೂರನೆಯ ದಾನಮ್ಮ ಬಿರಾದಾರಳಿಗೆ ಪೆನ್ನು ಕೆಳಗಿಟ್ಟು, "ಏನ್ರವ್ವ, ಚೇಷ್ಟಿ ಮಾಡಾಕತ್ತೀರೇನು?" ಎಂದ. "ಚೇಷ್ಟಿ ಮಾಡಿದವರು ಮ್ಯಾಲ ಕುಂತಾರ, ಬಿಡು ದಾರಿ," ಎಂದು ಕಂಡಕ್ಟರ್ ದಾನಮ್ಮ ಅವನನ್ನು ಸರಿಸಿದಳು. ಬಸ್ಸಿನಲ್ಲಿ ಜನ ಸರಿಸಿ ಅಭ್ಯಾಸವಿದ್ದ ಕೈ.

ಹೊಲಿಗೆಯವಳು ಒತ್ತಿದಳು, ಹತ್ತನೆಯ ಬೆರಳು ಸೇರಿತು. ಪರದೆ ಕಿಣ್ ಎಂದಿತು. ಆಮೇಲೆ ಕಂಬ ಹತ್ತುವವಳು ತನ್ನ ಗಡುಸು ಹೆಬ್ಬೆರಳನ್ನು ಒತ್ತಿ ಹಿಡಿದಳು. ಗೋಡೆಯ ಪರದೆ ಸ್ವಲ್ಪ ಹೊತ್ತು ನಿಂತೇಹೋಯಿತು. "ದಾಖಲೆ ಅಸಾಧ್ಯ. ಈ ವ್ಯಕ್ತಿ ಮನುಷ್ಯರಲ್ಲ," ಎಂದಿತು ಹೆಣ್ಣುದನಿ. ದೊಡ್ಡದೊಂದು ಚುಕ್ಕೆ ಒಡೆದು ಹನ್ನೊಂದಾಗಿ ಚೆದುರಿತು. ಹೆಂಗಸರು ಹೋ ಎಂದು ಕೂಗಿದರು. ಒಬ್ಬೊಬ್ಬರೇ ಬಂದು ನಾನು ಓದಿದ್ದು ಇಲ್ಲಿ, ದುಡಿದದ್ದು ಇಲ್ಲಿ ಎಂದು ತಮ್ಮ ತಮ್ಮ ಬಾಳನ್ನು ಹೆಕ್ಕಿಕೊಂಡರು. ಇಂಗಳಗಿ ಒಂದೊಂದಕ್ಕೂ ಸಹಿ ಹಾಕಿದ.

ಕೊನೆಗೆ ಕೂಸಿನ ಸಾವು ಒಂದೇ ಪರದೆಯ ಮೇಲೆ ಉಳಿಯಿತು. ಅಂಕಲಗಿ ದಾನಮ್ಮ ಹೋಗಿ ಬೆರಳೊತ್ತಿದಳು.

ಆಕೆ ತಿರುಗಿ ಬರುವಾಗ ಆ ಮುಖ ನೋಡಿ ದಾನಮ್ಮನಿಗೆ ತಡೆಯಲಾಗಲಿಲ್ಲ. "ಆ ಆಸ್ಪತ್ರಿ ತೆಗೀರಿ," ಎಂದಳು. "ಅದರ ದಾಖಲೆನೂ ನೋಡೂಣು."

ಇಂಗಳಗಿ ಹುಡುಕಿದ. ಕೂಸು ಸತ್ತಾಗ ಆ ಆಸ್ಪತ್ರೆಗೆ ಒಂದು ದೇವರ ಹೆಸರಿತ್ತು. ಆರು ತಿಂಗಳಲ್ಲಿ ಅದು ಮುಚ್ಚಿತು ಎಂದಿತ್ತು. ಅದೇ ವಿಳಾಸದಲ್ಲಿ ಒಂದು ಹೂವಿನ ಹೆಸರಿನ ಆಸ್ಪತ್ರೆ ತೆರೆದಿತ್ತು, ಅದೂ ಹೋಗಿ ಈಗ ಇಂಗ್ಲಿಷ್ ಹೆಸರು. ದಾಖಲೆ ಹಾಲಿನಷ್ಟು ಬೆಳ್ಳಗೆ, ಐದಕ್ಕೆ ಐದು ನಕ್ಷತ್ರ.

"ಅದ ಮಾಲಕ, ಅದ ಕಟ್ಟಡ, ಅದ ಟ್ರೇ," ಎಂದಳು ಅಂಕಲಗಿ ದಾನಮ್ಮ ಮೆಲ್ಲಗೆ.

"ಇವನ್ನ ಯಾಕ ಕೂಡಸೂದಿಲ್ಲ ನಿಮ್ಮ ಯಂತ್ರ?" ಎಂದಳು ದಾನಮ್ಮ.

"ಹೆಸರು ಬ್ಯಾರೆ ಐತಲ್ರಿ. ಮತ್ತ ಸಂಸ್ಥಾಗಳನ್ನ ಕೂಡಸೂ ಅಧಿಕಾರ ನಮಗಿಲ್ಲ."

"ನಮ್ಮನ್ನ ಕೂಡಸೂ ಅಧಿಕಾರ ಯಾರ್ ಕೊಟ್ರು?" ದಾನಮ್ಮನ ದನಿಗೆ ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. "ಹರಕಿ ಹೊತ್ತು ದೇವರ ಹೆಸರಿಟ್ಟುಕೊಂಡವರು ನಾವು, ಒಬ್ರ ಪಾಪ ಒಬ್ರು ಹೊರಬೇಕು. ಆ ಮಾಲಕ ಎರಡು ಸಲ ಹೆಸರು ಬದಲ ಮಾಡಿ ಎರಡು ಸಲ ಕೈತೊಳಕೊಂಡ. ಇದೇನ್ ಕನ್ನಡಿ? ಬಡವರ ಮಾರಿ ಅಷ್ಟ ಕಾಣೂ ಕನ್ನಡಿ!"

ಇಂಗಳಗಿ ಆ ಆಸ್ಪತ್ರೆಯ ದಾಖಲೆ ಮುಚ್ಚಿದ. ಅವನ ಹಿಂದೆ ಪರದೆ ಕಿಣ್ ಎಂದಿತು, ಇನ್ಯಾರೋ ಇಬ್ಬರು ಒಂದಾದರು.

ಊರಿಗೆ ಬರುವ ಬಸ್ಸಿನಲ್ಲಿ ಸಂಗಪ್ಪನ ಫೋನು ಬಂತು. ರೇವಣಸಿದ್ಧಪ್ಪ ಮಾಸ್ತರರು ಮಧ್ಯಾಹ್ನ ತೀರಿಕೊಂಡಿದ್ದರು. ದಾನಮ್ಮ ಕಿಟಕಿಯ ಸರಳಿಗೆ ಹಣೆ ಹಚ್ಚಿ ಅತ್ತಳು. ಕಂಡಕ್ಟರ್ ದಾನಮ್ಮ ಪಕ್ಕದಲ್ಲೇ ಕೂತು ಇಳಿಯುವವರೆಗೆ ಆಕೆಯ ಕೈ ಹಿಡಿದುಕೊಂಡಿದ್ದಳು.

ಮಣ್ಣು ಮುಗಿಸಿ ಮರುದಿನ ಆಸ್ಪತ್ರೆಗೆ ಹೋದಾಗ ಮಾಸ್ತರರ ಮಂಚದಲ್ಲಿ ಮಾಳವ್ವ ಎಂಬ ಮುದುಕಿ ತೋಳು ಚಾಚಿ ಮಲಗಿದ್ದಳು. ಮುಖ ಊದಿತ್ತು, ಮಾತು ತೊದಲುತ್ತಿತ್ತು. "ಬಂದಿ ಏನವ್ವ? ಭಾಳ ತ್ರಾಸಾಗೈತಿ," ಎಂದಳು. ದಾನಮ್ಮ ಸೂಜಿ, ನಳಿಕೆ, ಎಲ್ಲ ಸಿದ್ಧ ಮಾಡಿಕೊಂಡು ಡಬ್ಬಿಗೆ ಹೆಬ್ಬೆರಳೊತ್ತಿದಳು. ಈಗ ದಾಖಲೆ ತನ್ನದೊಂದೇ, ಇಪ್ಪತ್ತೆರಡು ವರ್ಷ ಚೊಕ್ಕ ದುಡಿದದ್ದು.

ಕೆಂಪು ದೀಪ ಹತ್ತಿತು.

"ನಿರ್ವಾಹಕಿ ಅನರ್ಹಳು. ಕಾರಣ: ಕರ್ತವ್ಯಕ್ಕೆ ಗೈರು, ಚಿಕಿತ್ಸೆ ನಿಂತು ರೋಗಿಯ ಮರಣ. ರೋಗಿಯ ಹೆಸರು ರೇವಣಸಿದ್ಧಪ್ಪ."

ಬದಲಿ ಬಾರದ ಕಾರಣ ಅಷ್ಟೂ ದಿನ ಡ್ಯೂಟಿ ಪಟ್ಟಿಯಲ್ಲಿ ದಾನಮ್ಮನ ಹೆಸರೇ ಇತ್ತು. ಆಕೆಗೆ ಬೀಗ ಹಾಕಿದ ಯಂತ್ರವೇ ಆಕೆ ಬರಲಿಲ್ಲವೆಂದು ಬರೆದುಕೊಂಡಿತ್ತು. ದಾಖಲೆ ಬೇರೆಯಾದ ಕೂಡಲೇ ಆ ಸಾಲು ತನ್ನ ಒಡತಿಯನ್ನು ಹುಡುಕಿಕೊಂಡು ಬಂದಿತ್ತು. ಈ ಸಲ ಹೆಸರಿನ ಗೊಂದಲವಿರಲಿಲ್ಲ. ಇದು ಬೇರೆ ಯಾವ ದಾನಮ್ಮನದೂ ಅಲ್ಲ, ಆಕೆಯದೇ.

ದಾನಮ್ಮ ಅಳಲಿಲ್ಲ. ಮೂಲೆಯಲ್ಲಿದ್ದ ಆಕ್ಸಿಜನ್ ಸಿಲಿಂಡರಿನ ಕಬ್ಬಿಣದ ಕೀ ಕೈಗೆತ್ತಿಕೊಂಡಳು. ಮೊದಲ ಏಟಿಗೆ ಡಬ್ಬಿಯ ಮುಖ ಸೀಳಿತು. "ಇದು ಕಾನೂನುಬಾಹಿ..." ಎಂದಿತು ಹೆಣ್ಣುದನಿ. ಎರಡನೆಯ ಏಟಿಗೆ ಬಾಯಿ ಮುಚ್ಚಿತು. ಡಬ್ಬಿ ಕಿತ್ತು ಬಂದು ನೆಲಕ್ಕೆ ಬಿತ್ತು. ಆಸ್ಪತ್ರೆಗೆ ಡಬ್ಬಿ ಬರುವ ಮೊದಲೂ ಈ ಯಂತ್ರ ಓಡುತ್ತಿತ್ತು, ಯಾವ ತಂತಿಗೆ ಯಾವುದು ಎಂಬುದು ಆಕೆಗೆ ಗೊತ್ತಿತ್ತು. ತಂತಿ ಕೂಡಿಸಿದಳು. ಯಂತ್ರ ಗುಂಯ್ ಎಂದು ತಿರುಗತೊಡಗಿತು.

ಸದ್ದು ಕೇಳಿ ಡಾಕ್ಟರು ಓಡಿ ಬಂದರು. "ಏನ್ ಮಾಡಿದ್ರಿ ದಾನಮ್ಮ! ಇದೂ ರೆಕಾರ್ಡಿಗೆ ಹೋಗ್ತೈತಿ, ಗೊತ್ತೈತೇನು?"

ದಾನಮ್ಮ ಕೈ ತೊಳೆದುಕೊಂಡು, ಮಾಳವ್ವನ ತೋಳಿನಲ್ಲಿ ರಕ್ತನಾಳ ಹಿಡಿದು ಸೂಜಿ ಇಳಿಸಿದಳು. ನಳಿಕೆಯಲ್ಲಿ ರಕ್ತ ಏರಿತು. ಮುದುಕಿ ಕಣ್ಣು ಮುಚ್ಚಿದಳು.

"ಹೋಗ್ಲಿ ಬಿಡ್ರಿ," ಎಂದಳು ತಿರುಗದೆಯೇ. "ಛಲೋತ್ನಂಗ ಬರೀರಿ. ಇದಷ್ಟ ನಾ ಮಾಡಿದ್ದು."